ಮಣ್ಣಿನ ಹಕ್ಕಿಯ ಬೆಲೆ

ಬಾದಾಮಿಗೆ ಸಮೀಪದ ಬನಶಂಕರಿಯಲ್ಲಿ ಪ್ರತಿವರ್ಷ ಬನದ ಹುಣ್ಣಿಮೆಯಂದು ಶ್ರೀದೇವಿಯ ರಥೋತ್ಸವ ಜರುಗುತ್ತದೆ. ಹಲವು ವಾರಗಳ ಕಾಲ ಸಾಗುವ ಈ ಜಾತ್ರೆಯು ನಾಟಕ ಕಂಪನಿಗಳಿಗಷ್ಟೇ ಅಲ್ಲದೆ ಸಣ್ಣ ವರ್ತಕರಿಗೂ ಪ್ರಮುಖ ಮಾರುಕಟ್ಟೆಯಾಗಿದೆ. ಇಂತಹ ಮಾರುಕಟ್ಟೆಯಲ್ಲಿ ಮಡಕೆ, ಹಣತೆಗಳ ಜೊತೆಗೆ ಸೆರಾಮಿಕ್ ಶಿಲ್ಪಕ್ಕೂ ಸ್ಥಾನ ಕಲ್ಪಿಸಲು ಸಾಧ್ಯವೇ ಎಂಬುದು ವಿಚಾರಾರ್ಹ.

ಮಾದರಿಗಳಿಗೆ ಈ ನೆಲದಲ್ಲಿ ಕೊರತೆಯಿಲ್ಲ. ಕ್ರಿ.ಶ. 578ರ ಬಾದಾಮಿಯ ಮೂರನೆಯ ಗುಹಾಲಯದ ಬೋದಿಗೆಗಳಲ್ಲಿ ದಂಪತಿಗಳ ಶಿಲ್ಪಗಳಿವೆ, ಸೂರಿನಡಿಯಲ್ಲಿ ಗರುಡನಿದ್ದಾನೆ. ಐಹೊಳೆಯ ದುರ್ಗದ ಗುಡಿಯ ಬಾಗಿಲವಾಡದಲ್ಲಿಯೂ ಮನುಷ್ಯರೂಪದ ಗರುಡನನ್ನು ಕಾಣಬಹುದು. ದೇವಾಲಯದ ಸೂರಿಗೆ ಶಿಲ್ಪಶಾಸ್ತ್ರವು ನೀಡಿದ ಹೆಸರೇ ‘ಕಪೋತ’, ಅಂದರೆ ಪಾರಿವಾಳ. ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲಿ ನವಿಲು, ಗಿಳಿಗಳು ಮೂಡುತ್ತವೆ. ಮನುಷ್ಯರ ಒಲವನ್ನೂ ಹಕ್ಕಿಯನ್ನೂ ಜೊತೆಗೂಡಿಸುವ ಕಲ್ಪನೆ ಇಲ್ಲಿ ಹೊಸದಲ್ಲ.

ಆದರೆ ಮಣ್ಣಿನಲ್ಲಿ ಈ ಜೋಡಣೆ ಸುಲಭವಲ್ಲ. ಎರಡು ಆಕೃತಿಗಳನ್ನು ಬೆಸೆಯುವಾಗ ಎರಡರಲ್ಲಿಯೂ ತೇವ ಸಮನಾಗಿರಬೇಕು. ಒಂದು ಒಣಗಿ ಮತ್ತೊಂದು ಹಸಿಯಾಗಿದ್ದರೆ ಕುಗ್ಗುವಿಕೆ ಭಿನ್ನವಾಗಿ, ಸರಿಯಾಗಿ ಬೆಸುಗೆಯಲ್ಲಿಯೇ ಬಿರುಕು ಬಿಡುತ್ತದೆ. ತೆಳುವಾದ ರೆಕ್ಕೆ ಬೇಗನೆ ಒಣಗುತ್ತದೆ, ದಪ್ಪನೆಯ ದೇಹ ನಿಧಾನವಾಗಿ ಒಣಗುತ್ತದೆ. ಸುಟ್ಟಮಣ್ಣಿಗೆ ಸುಮಾರು 800ರಿಂದ 1,000 ಡಿಗ್ರಿ ಸೆಲ್ಸಿಯಸ್, ಗಟ್ಟಿ ಸ್ಟೋನ್‌ವೇರ್‌ಗೆ ಸುಮಾರು 1,200 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. ಆವಿಗೆಯಿಂದ ಎಲ್ಲವೂ ಅಖಂಡವಾಗಿ ಹೊರಬರುವುದಿಲ್ಲ.

ಕುಶಲಕರ್ಮಿಯು ನಷ್ಟ ಹೊಂದುವುದು ಬಹುತೇಕ ಇಲ್ಲಿಯೇ. ಉದಾಹರಣೆಗೆ, ತಲಾ 400 ರೂಪಾಯಿ ವೆಚ್ಚದ 10 ಶಿಲ್ಪಗಳಲ್ಲಿ 2 ಒಡೆದರೆ, 4,000 ರೂಪಾಯಿಗಳ ಹೊರೆ ಉಳಿದ 8ರ ಮೇಲೆ ಬೀಳುತ್ತದೆ. ನಿಜವಾದ ವೆಚ್ಚ ತಲಾ 500 ರೂಪಾಯಿ. 450ಕ್ಕೆ ಮಾರಿದವನು 50 ರೂಪಾಯಿ ಲಾಭವೆಂದು ತಿಳಿದರೂ, ವಾಸ್ತವದಲ್ಲಿ ಪ್ರತಿ ಶಿಲ್ಪಕ್ಕೂ 50 ರೂಪಾಯಿ ಕಳೆದುಕೊಂಡಿರುತ್ತಾನೆ. ಸ್ವಂತ ದುಡಿಮೆಯ ಕೂಲಿಯನ್ನು ವೆಚ್ಚದಲ್ಲಿ ಸೇರಿಸದಿದ್ದರೆ ಈ ನಷ್ಟ ಕಣ್ಣಿಗೆ ಬೀಳುವುದೂ ಇಲ್ಲ. ಆದುದರಿಂದ ಪ್ರತಿ ಆವಿಗೆಗೂ ಒಡೆದವುಗಳ ಲೆಕ್ಕವಿಡುವುದು ಅವಶ್ಯಕ.

ತೆರಿಗೆಯ ಮಟ್ಟಿಗೆ, ಮಣ್ಣಿನ ಮಡಕೆ, ಹಣತೆ ಹಾಗೂ ಜೇಡಿಮಣ್ಣಿನ ವಿಗ್ರಹಗಳಿಗೆ ಜಿಎಸ್‌ಟಿ ವಿನಾಯಿತಿಯಿದೆ. ಕರಕುಶಲ ಸೆರಾಮಿಕ್ ಅಲಂಕಾರಿಕ ಮೂರ್ತಿಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದ್ದು, ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯದರಲ್ಲಿ 2 ಲಕ್ಷ ರೂಪಾಯಿಗಳವರೆಗೆ ಶೇ. 5ರ ಬಡ್ಡಿಗೆ ಜಾಮೀನುರಹಿತ ಸಾಲಕ್ಕೆ ಅವಕಾಶವಿದೆ. ಬೆಳಗಾವಿ ಜಿಲ್ಲೆಯ ಖಾನಾಪುರವು ಕುಂಬಾರಿಕೆಯ ತರಬೇತಿಗೆ ಹೆಸರಾದ ಕೇಂದ್ರ.

ಮಾರಾಟಗಾರರಿಗೂ ಹೊಣೆಯಿದೆ. ಮುಂಗಡ ನೀಡಿ, ಒಡೆಯುವ ಭಾಗವನ್ನು ಬೆಲೆಯಲ್ಲಿ ಒಪ್ಪಿಕೊಳ್ಳುವ ವರ್ತಕನಿದ್ದರೆ ಮಾತ್ರ ಕುಂಬಾರನು ಹೊಸ ಆಕೃತಿಗೆ ಕೈಹಾಕಿಯಾನು. ಮಣ್ಣಿನ ಬೆಸುಗೆಯಂತೆ ಈ ವ್ಯವಹಾರಕ್ಕೂ ಎರಡೂ ಕಡೆಯ ತೇವ ಸಮನಾಗಿರಬೇಕು.