ಇಲಿಯ ಗಡಿಯಾರ ಅರಿತು ಬಿಲಕ್ಕೆ ಕೈಹಾಕಿ

ಬದುವಿನಲ್ಲಿ ಬಿಲ ಕಂಡರೂ ‘ತೆನೆ ಬರಲಿ, ಆಮೇಲೆ ನೋಡೋಣ’ ಎನ್ನುವ ರೈತರೇ ಹೆಚ್ಚು. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಪ್ರಯೋಗಾಲಯದ ಹೆಣ್ಣಿಲಿ ಸುಮಾರು 5 ವಾರಕ್ಕೇ ಪ್ರಾಯಕ್ಕೆ ಬರುತ್ತದೆ. ಗರ್ಭ ಕಟ್ಟಿದ 21–23 ದಿನಕ್ಕೆ ಮರಿ ಹಾಕುತ್ತದೆ. ಹೊಲದ ಇಲಿಗೆ ಇನ್ನೂ ಕೆಲವು ವಾರ ಹಿಡಿದರೂ, ನಾಟಿಯ ಹೊತ್ತಿಗೆ ಹುಟ್ಟಿದ ಮರಿ ಕೊಯ್ಲಿಗೆ ಮೊದಲೇ ತಾಯಿಯಾಗಬಲ್ಲದು.

ಇದಕ್ಕೆ ಅದರ ಮೈಯೊಳಗಿನ ಗಡಿಯಾರವೇ ಕಾರಣ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ 4–5 ದಿನಕ್ಕೊಮ್ಮೆ ಮಧ್ಯಾಹ್ನ ಒಂದು ಹಾರ್ಮೋನು ಉಕ್ಕುತ್ತದೆ. ಅಂದೇ ರಾತ್ರಿ ಅಂಡ ಬಿಡುಗಡೆಯಾಗುತ್ತದೆ. 1950ರಲ್ಲಿ ಅಮೆರಿಕದ ಎವರೆಟ್ ಮತ್ತು ಸಾಯರ್ ಮಧ್ಯಾಹ್ನ 2 ಗಂಟೆಗೆ ಮೊದಲು ಮಂಪರಿನ ಔಷಧಿ ಕೊಟ್ಟಾಗ ಈ ಬಿಡುಗಡೆ ಪೂರಾ ಒಂದು ದಿನ ಮುಂದೆ ಹೋಯಿತು! ಪ್ರಾಯಕ್ಕೆ ಬರುವ ಮುನ್ನವೇ ಎಳೆಯ ಇಲಿಯಲ್ಲಿ ಮಧ್ಯಾಹ್ನದ ಈ ಏರಿಕೆ ಸಣ್ಣಗೆ ಶುರುವಾಗುತ್ತದೆ.

ಆದ್ದರಿಂದ ಪೈರು ಎಳೆಯದಿದ್ದಾಗಲೇ ಬಿಲಗಳನ್ನು ಸಂಜೆ ಮಣ್ಣಿನಿಂದ ಮುಚ್ಚಿರಿ. ಬೆಳಿಗ್ಗೆ ತೆರೆದಿದ್ದರೆ ಒಳಗೆ ಇಲಿ ಇದೆಯೆಂದೇ ಅರ್ಥ. ಎರಡು ಸಂಜೆ ಎಣ್ಣೆ ಬೆರೆಸಿದ ಬರೀ ನುಚ್ಚಿಟ್ಟು ರುಚಿ ಹಿಡಿಸಿ, ಮೂರನೆಯ ಸಂಜೆ 96 ಪಾಲು ನುಚ್ಚಿಗೆ ಎಣ್ಣೆ 2, ಜಿಂಕ್ ಫಾಸ್ಫೈಡ್ 2 ಪಾಲು ಬೆರೆಸಿ ಬಿಲದೊಳಗೆ ಇಡಿರಿ. ಬರಿಗೈಯಿಂದ ಮುಟ್ಟಬೇಡಿ, ಮಕ್ಕಳು, ದನಕರು, ಕೋಳಿಗಳನ್ನು ದೂರವಿಡಿ, ಸತ್ತ ಇಲಿಗಳನ್ನು ಹೂಳಿರಿ. ಅಕ್ಕಪಕ್ಕದ ಗದ್ದೆಯವರೆಲ್ಲ ಒಂದೇ ದಿನ ಕೈಗೂಡಿಸಿರಿ. ಒಬ್ಬರ ಬದು ಬಿಟ್ಟರೂ ಎಲ್ಲರ ಶ್ರಮ ನೀರುಪಾಲು.