ಮೊಣಕಾಲು ನೋವೆಂದರೆ ಟೊಂಕವನ್ನೂ ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರೇ ಇರಲಿ, ಮಗು ‘ಮೊಣಕಾಲು ನೋಯ್ತದ’ ಎಂದಾಗ ಮನೆಯವರು ಮಾಡುವ ಮೊದಲ ಕೆಲಸ ಎಣ್ಣೆ ಕಾಯಿಸಿ ತಿಕ್ಕುವುದು. ಎರಡನೆಯದು, ‘ಎಲ್ಲಿ ಬಿದ್ದಿ?’ ಎಂದು ಗದರಿಸುವುದು. ಎರಡು ದಿನದ ನೋವಿಗೆ ಅಷ್ಟೇ ಸಾಕು. ಆದರೆ ವಾರ ಕಳೆದರೂ ನೋವು ಹೋಗದೆ, ನಡಿಗೆಯಲ್ಲಿ ಕುಂಟು ಕಾಣಿಸತೊಡಗಿದರೆ ಕೈ ಇಡಬೇಕಾದ ಜಾಗ ಬೇರೆ. ಮೊಣಕಾಲಿಗೆ ಹೋಗುವ ನರದ ಕವಲುಗಳು ಸೊಂಟದ ಕೀಲಿಗೂ ಹೋಗುತ್ತವೆ. ಹೀಗಾಗಿ ಟೊಂಕದ ನೋವು ತೊಡೆಯಲ್ಲಿ, ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಮೊಣಕಾಲಿನ ಎಕ್ಸ್‌ರೇ ತೆಗೆಸಿ, ‘ಏನೂ ಇಲ್ಲ’ ಎನಿಸಿಕೊಂಡು, ತಿಂಗಳುಗಟ್ಟಲೆ ಸುಮ್ಮನಿದ್ದು ಬರುವ ಮಕ್ಕಳು ಎಲುಬಿನ ವೈದ್ಯರಿಗೆ ಹೊಸಬರಲ್ಲ.

ಸೊಂಟದ ಕೀಲನ್ನು ಒರಳು-ಗುಂಡಿಗೆ ಹೋಲಿಸಬಹುದು. ತೊಡೆಯೆಲುಬಿನ ತುದಿ ಗುಂಡು, ಕಟಿಯೆಲುಬಿನ ಬಟ್ಟಲು ಒರಳು. ಒಂದೇ ವ್ಯತ್ಯಾಸವೆಂದರೆ ಮಕ್ಕಳಲ್ಲಿ ಇವೆರಡೂ ಇನ್ನೂ ಮೆತ್ತಗಿದ್ದು ಬೆಳೆಯುತ್ತಿರುತ್ತವೆ. ಗುಂಡು ಸರಿಯಾಗಿ ಕೂತರೆ ಬಟ್ಟಲು ಆಳವಾಗುತ್ತದೆ. ಬಟ್ಟಲು ಹಿಡಿದಿಟ್ಟರೆ ಗುಂಡು ದುಂಡಗಾಗುತ್ತದೆ. ಮಕ್ಕಳ ಸೊಂಟದ ಚಿಕಿತ್ಸೆಯೆಲ್ಲ ಈ ಸೂತ್ರದ ಮೇಲೆಯೇ ನಿಂತಿದೆ.

ಕೆಲವು ಶಿಶುಗಳಲ್ಲಿ ಹುಟ್ಟುವಾಗಲೇ ಬಟ್ಟಲು ಆಳವಿರದೆ ಗುಂಡು ಸಡಿಲಾಗಿರುತ್ತದೆ ಅಥವಾ ಪೂರ್ತಿ ಹೊರಗೆ ಜಾರಿರುತ್ತದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ನಾಲ್ಕೈದು ಪಟ್ಟು ಹೆಚ್ಚು. ಚೊಚ್ಚಲ ಮಗು, ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿದ್ದ ಮಗು, ಮನೆತನದಲ್ಲಿ ಈ ತೊಂದರೆ ಇದ್ದ ಮಗು, ಇವರಲ್ಲಿ ಇನ್ನೂ ಜಾಗ್ರತೆ ಬೇಕು. ಎತ್ತಿನ ಮೇಲೆ ಬರುವ ಹೆಳವರು ನಮ್ಮ ಮನೆತನದ ಹೆಸರುಗಳನ್ನೆಲ್ಲ ಒಪ್ಪಿಸುತ್ತಾರಲ್ಲ, ಡಾಕ್ಟರೂ ಅಂಥದೇ ಪ್ರಶ್ನೆ ಕೇಳುತ್ತಾರೆ: ಅಜ್ಜಿ, ಸೋದರತ್ತೆ, ಅಕ್ಕ, ಯಾರಾದರೂ ಚಿಕ್ಕಂದಿನಿಂದ ಕುಂಟುತ್ತಿದ್ದರೇ? ಮುಚ್ಚಿಡಬೇಡಿ. ಕನ್ಯೆ ನೋಡಲು ಬಂದವರ ಮುಂದೆ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿದೆ. ವೈದ್ಯರ ಮುಂದೆ ಅದು ಬೇಡ.

ಈ ತೊಂದರೆಯಲ್ಲಿ ಕೂಸಿಗೆ ನೋವಿರುವುದಿಲ್ಲ. ಅದಕ್ಕೇ ಕೈತಪ್ಪಿ ಹೋಗುತ್ತದೆ. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿದ್ದರೆ, ತೊಡೆಯ ಮಡಿಕೆಗಳು ಎರಡೂ ಕಡೆ ಸಮವಿಲ್ಲದಿದ್ದರೆ, ಒಂದು ಕಾಲು ಗಿಡ್ಡವೆನಿಸಿದರೆ ತೋರಿಸಿ. ಆರು ತಿಂಗಳೊಳಗೆ ಗೊತ್ತಾದರೆ ಬಹುತೇಕ ಮಕ್ಕಳಿಗೆ ಕತ್ತರಿ ಹಾಕುವ ಪ್ರಸಂಗವೇ ಬರುವುದಿಲ್ಲ. ಚೆಕ್ ದೇಶದ ವೈದ್ಯ ಪಾವ್ಲಿಕ್ ರೂಪಿಸಿದ ಪಟ್ಟಿಗಳ ಕವಚವನ್ನು ಕೆಲವು ವಾರ ಹಾಕಿ, ಕಾಲುಗಳನ್ನು ಮಡಿಸಿ ಅಗಲಿಸಿ ಇಟ್ಟರೆ ಗುಂಡು ತಾನಾಗಿ ಬಟ್ಟಲಿಗೆ ಕೂರುತ್ತದೆ. ನಮ್ಮ ತಾಯಂದಿರು ಕೂಸನ್ನು ಟೊಂಕದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ರೀತಿಯೂ ಕೀಲಿಗೆ ಹಿತವಾದದ್ದೇ. ಕಾಲೆರಡನ್ನೂ ನೇರ ಮಾಡಿ ಬಟ್ಟೆಯಲ್ಲಿ ಬಿಗಿದು ಸುತ್ತುವುದು ಮಾತ್ರ ಕೆಟ್ಟದ್ದು.

ನಡೆಯಲು ಕಲಿತ ಮೇಲೆ ಗೊತ್ತಾದರೆ ಕೆಲಸ ದೊಡ್ಡದು. ಒಂದೂವರೆ ವರ್ಷ ದಾಟಿದ ಬಹಳಷ್ಟು ಮಕ್ಕಳಲ್ಲಿ ಕೀಲನ್ನು ತೆರೆದು ಗುಂಡನ್ನು ಬಟ್ಟಲಿಗೆ ಕೂರಿಸಬೇಕಾಗುತ್ತದೆ, ಜೊತೆಗೆ ಕಟಿಯೆಲುಬನ್ನು ಕತ್ತರಿಸಿ ಬಟ್ಟಲನ್ನು ಗುಂಡಿನ ಮೇಲೆ ಬಾಗಿಸಬೇಕಾಗುತ್ತದೆ. ಕೆನಡಾದ ಟೊರಾಂಟೊದ ರಾಬರ್ಟ್ ಸಾಲ್ಟರ್ 1961ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಮೇಲೆ ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್, ವಾರಗಟ್ಟಲೆ. ವಯಸ್ಸು ಏರಿದಷ್ಟೂ ಫಲ ಕಡಿಮೆ.

ಶಾಲೆಗೆ ಹೋಗುವ ವಯಸ್ಸಿನ ರೋಗವೇ ಬೇರೆ. ನಾಲ್ಕರಿಂದ ಎಂಟು ವರ್ಷದೊಳಗೆ, ಕೆಲವೊಮ್ಮೆ ಹನ್ನೆರಡರವರೆಗೂ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಗುಂಡಿಗೆ ಹೋಗುವ ರಕ್ತ ನಿಂತು ಎಲುಬು ಮೆತ್ತಗಾಗುತ್ತದೆ. ಲೆಗ್, ಕಾಲ್ವೆ, ಪರ್ಥಿಸ್ ಎಂಬ ಮೂವರು ಮೂರು ದೇಶಗಳಲ್ಲಿ 1910ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ‘ಪರ್ಥಿಸ್ ರೋಗ’ವೆಂದೇ ಈಗ ರೂಢಿ. ರಕ್ತ ಯಾಕೆ ನಿಲ್ಲುತ್ತದೆ ಎಂಬುದು ಶತಮಾನ ಕಳೆದರೂ ಬಗೆಹರಿದಿಲ್ಲ. ಎರಡು-ನಾಲ್ಕು ವರ್ಷಗಳಲ್ಲಿ ರಕ್ತ ತಾನೇ ಮರಳಿ, ಹೊಸ ಎಲುಬು ಬೆಳೆಯುತ್ತದೆ. ಪ್ರಶ್ನೆ ಇರುವುದು, ಆ ಹೊತ್ತಿಗೆ ಗುಂಡು ದುಂಡಗೆ ಉಳಿದಿರುತ್ತದೆಯೇ, ಚಪ್ಪಟೆಯಾಗಿರುತ್ತದೆಯೇ ಎಂಬುದರಲ್ಲಿ.

ಇಲ್ಲಿ ಕನ್ನಡ ನಾಡಿನ ಕೊಡುಗೆ ಸಣ್ಣದಲ್ಲ. ಈ ರೋಗ ಹೆಚ್ಚಾಗಿ ಕಾಣುವ ಪಶ್ಚಿಮ ಕರಾವಳಿಯ ಮಣಿಪಾಲದಲ್ಲಿ, ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 610 ಮಕ್ಕಳಲ್ಲಿ ರೋಗ ಸಾಗುವ ಹಾದಿಯನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ಮೆತ್ತಗಾದ ಗುಂಡು ಬಟ್ಟಲಿನಿಂದ ಹೊರಚಾಚಲು ಹೊರಟರೆ, ಅದು ಚಪ್ಪಟೆಯಾಗುವ ಮೊದಲೇ ಒಳಗೆ ಹಿಡಿದಿಡಬೇಕು ಎಂಬುದು ಇದರಿಂದ ಗಟ್ಟಿಯಾಯಿತು. ತೊಡೆಯೆಲುಬನ್ನು ಗುಂಡಿನ ಕೆಳಗೆ ಕತ್ತರಿಸಿ, ತುಸು ಒಳಮುಖವಾಗಿ ಬಾಗಿಸಿ, ಪ್ಲೇಟು-ಸ್ಕ್ರೂ ಹಾಕುವ ಶಸ್ತ್ರಕ್ರಿಯೆ ಇದಕ್ಕಾಗಿಯೇ. ಎಲ್ಲ ಮಕ್ಕಳಿಗೂ ಅದು ಬೇಕಿಲ್ಲ. ಆರು ವರ್ಷದೊಳಗಿನ ಬಹಳಷ್ಟು ಮಕ್ಕಳು ಓಟ-ಜಿಗಿತ ಬಿಟ್ಟು, ಆಗಾಗ ಎಕ್ಸ್‌ರೇ ತೆಗೆಸುತ್ತಿದ್ದರೆ ಸಾಕಾಗುತ್ತದೆ.

ಹತ್ತರಿಂದ ಹದಿನಾರರ ಹುಡುಗ-ಹುಡುಗಿಯರೇ, ಇದು ನಿಮಗೆ. ಮೈ ದಪ್ಪಗಿದ್ದು, ತೊಡೆಸಂದು ಅಥವಾ ಮೊಣಕಾಲು ನೋಯುತ್ತ, ನಡೆಯುವಾಗ ಪಾದ ಹೊರಗೆ ತಿರುಗುತ್ತಿದ್ದರೆ ಆಟದ ಉಳುಕೆಂದು ಬಿಡಬೇಡಿ. ಎಲುಬು ಬೆಳೆಯುವ ಮೆತ್ತನೆಯ ಪದರದಲ್ಲಿ ಗುಂಡು, ಕೋನಿನಿಂದ ಐಸ್‌ಕ್ರೀಂ ಜಾರಿದಂತೆ, ಜಾರುತ್ತಿರಬಹುದು. ಕಾಲು ಊರಲಿಕ್ಕೇ ಆಗದಿದ್ದರೆ ನಡೆಯಕೂಡದು. ಎತ್ತಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಬೇಗ ಸಿಕ್ಕರೆ ಒಂದೇ ಸ್ಕ್ರೂನಲ್ಲಿ ಮುಗಿಯುವ ಕೆಲಸ. ತಡವಾದರೆ ಗುಂಡಿನ ರಕ್ತವೇ ನಿಂತುಹೋಗಬಹುದು. ಇನ್ನೊಂದು ಟೊಂಕದಲ್ಲೂ ಹೀಗಾಗುವುದುಂಟು. ಆದ್ದರಿಂದ ಎರಡೂ ಕಡೆಯ ಎಕ್ಸ್‌ರೇ ಕೇಳಿ.

ಜ್ವರ ಬಂದು, ಕೂಸು ಒಂದು ಕಾಲನ್ನು ಅಲ್ಲಾಡಿಸದೆ, ಮುಟ್ಟಿದರೆ ಚೀರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕೀಲಿನಲ್ಲಿ ಕೀವು ತುಂಬಿದ್ದರೆ ಲೆಕ್ಕ ಗಂಟೆಗಳಲ್ಲಿ. ತೆಗೆಯದಿದ್ದರೆ ಗುಂಡನ್ನೇ ತಿಂದುಬಿಡುತ್ತದೆ. ನಮ್ಮಲ್ಲಿ ಕ್ಷಯವೂ ಸೊಂಟದ ಕೀಲಿಗೆ ಇಳಿಯುವುದುಂಟು. ಅದರ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಯಾರ ಬಳಿ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಹುಟ್ಟುಸೊಂಟದ ತೊಂದರೆಯೂ ಇದೆ. ಅದರ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ನಿಮ್ಮ ಮಗುವಿನ ನಡಿಗೆಯ ಬಗ್ಗೆ ಬಾಯಿಬಿಟ್ಟು ಹೇಳಿ. ಬಾಗಲಕೋಟೆಯ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಲ್ಲಿ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಎಲುಬು-ಕೀಲು ವಿಭಾಗಗಳಿವೆ. ಮಕ್ಕಳ ಎಲುಬಿನ ಅನುಭವವಿದ್ದವರು ಯಾರೆಂದು ಕೇಳಿಯೇ ಹೋಗಿ. ಹಳೆಯ ಎಕ್ಸ್‌ರೇಗಳನ್ನು ಬಿಸಾಡಬೇಡಿ. ಈಗಿನದರ ಪಕ್ಕ ಇಟ್ಟು ನೋಡಿದಾಗಲೇ ಗುಂಡು ಬದಲಾದದ್ದು ತಿಳಿಯುವುದು.

ಪ್ಲಾಸ್ಟರಿನಲ್ಲಿರುವ ಮಗುವಿಗೆ ಗೆಳೆಯರ ಕೈಲಿ ಪಾಠದ ನೋಟ್ಸು ಕಳಿಸಲು ಗುರುಗಳಿಗೆ ಹೇಳಿ. ಮರಳಿ ಶಾಲೆಗೆ ಬಂದಾಗ ನೆಲದ ಬದಲು ಬೆಂಚು, ಕುಕ್ಕರಗಾಲಲ್ಲಿ ಕೂರಬೇಕಿಲ್ಲದ ಶೌಚಕ್ಕೆ ಒಂದು ಏರ್ಪಾಡು, ಕೆಲ ತಿಂಗಳು ಪಿ.ಟಿ. ತರಗತಿಯಿಂದ ವಿನಾಯಿತಿ, ಇಷ್ಟನ್ನು ಡಾಕ್ಟರ ಚೀಟಿಯೊಂದಿಗೆ ಹೆಡ್‌ಮಾಸ್ತರರಿಗೆ ಬರೆದು ಕೊಡಿ.