ಬೆನ್ನಟ್ಟುವ ಪಿಶಾಚಿಯ ಗಣಿತ

ಕತ್ತಲೆಯ ನೆಲಮಾಳಿಗೆ, ಕತ್ತಿ ಹಿಡಿದ ವೀರನೊಬ್ಬನು ಓಡಿ ಕಂಬದ ಮರೆ ಸೇರುತ್ತಾನೆ. ಪಿಶಾಚಿಯು ಗೋಡೆಗಳನ್ನು ಬಳಸಿಕೊಂಡು, ದಾರಿ ತಪ್ಪದೆ ಅವನನ್ನು ಬೆನ್ನಟ್ಟುತ್ತದೆ. ‘ಡಯಾಬ್ಲೊ’ವಿನಂತಹ ಕಂಪ್ಯೂಟರ್ ಆಟಗಳನ್ನು ಆಡಿದವರಿಗೆ ಇದು ಪರಿಚಿತ ನೋಟ. ಪಿಶಾಚಿಗೆ ದಾರಿ ತೋರಿದವರಾರು?

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಅತ್ಯಂತ ಹತ್ತಿರದ ದಾರಿಯನ್ನು ಹುಡುಕಬೇಕಾಗಿದೆಯೆಂದು ಭಾವಿಸೋಣ. ನಂಜನಗೂಡು ಕಪಿಲೆಯ ದಡದಲ್ಲಿದೆ. ನರಸೀಪುರವು ಪೂರ್ವದಲ್ಲಿ, ಅದೇ ಕಪಿಲೆಯು ಕಾವೇರಿಯನ್ನು ಕೂಡುವೆಡೆಯಲ್ಲಿದೆ. ಎಲ್ಲ ರಸ್ತೆಗಳನ್ನೂ ತುದಿಯವರೆಗೆ ನಡೆದು ನೋಡುವುದು ವ್ಯರ್ಥಶ್ರಮವಷ್ಟೆ. ಬದಲಾಗಿ ಪ್ರತಿ ಕವಲಿನಲ್ಲಿಯೂ ಎರಡು ಸಂಖ್ಯೆಗಳನ್ನು ಕೂಡಿಸೋಣ: ಅಲ್ಲಿಯವರೆಗೆ ನಡೆದ ದೂರ, ಅಲ್ಲಿಂದ ನರಸೀಪುರಕ್ಕೆ ಹಕ್ಕಿ ಹಾರುವ ನೇರದೂರ. ದಕ್ಷಿಣದ ಗುಂಡ್ಲುಪೇಟೆಯ ರಸ್ತೆ ಹಿಡಿದರೆ ಎರಡೂ ಬೆಳೆಯುತ್ತವೆ. ಪೂರ್ವಕ್ಕೆ ಸಾಗಿದರೆ ಒಂದು ಬೆಳೆದಂತೆ ಇನ್ನೊಂದು ಇಳಿಯುತ್ತದೆ. ಮೊತ್ತವು ಕನಿಷ್ಠವಾಗಿರುವ ಕವಲನ್ನೇ ಮೊದಲು ಪರೀಕ್ಷಿಸಬೇಕು. ಹೊಳೆ ಅಡ್ಡ ಬಂದು ಸುತ್ತಬೇಕಾದರೆ ಮೊತ್ತವು ಹೆಚ್ಚುವುದು. ಆಗ ಬಿಟ್ಟುಬಂದ ಕವಲಿಗೆ ಮರಳಬೇಕು. ಯಾವ ರಸ್ತೆಯೂ ನೇರದೂರಕ್ಕಿಂತ ಕಿರಿದಾಗಿರಲಾರದು. ಆದುದರಿಂದ ಈ ಕ್ರಮವು ಅತಿ ಹತ್ತಿರದ ದಾರಿಯನ್ನು ಎಂದೂ ಕೈಬಿಡದು.

ಹಾರ್ಟ್, ನಿಲ್ಸನ್, ರಫೇಲ್ ಎಂಬ ಮೂವರು 1968ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ‘ಎ-ಸ್ಟಾರ್’ ಎಂದು ಹೆಸರು. ಅಮೆರಿಕದಲ್ಲಿ ‘ಶೇಕಿ’ ಎಂಬ ಯಂತ್ರಮಾನವನಿಗೆ ದಾರಿ ಕಲಿಸುವ ಪ್ರಯತ್ನದಲ್ಲಿ ಅದು ಹುಟ್ಟಿತು. ಇಂದು ಅನೇಕ ಆಟಗಳಲ್ಲಿ ಬಳಕೆಯಲ್ಲಿದೆ. ಅಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸುತ್ತಾರೆ. ಚೌಕಗಳೇ ಕವಲುಗಳು, ಗೋಡೆಗಳೇ ಹೊಳೆ, ವೀರನು ನಿಂತ ಸ್ಥಳವೇ ನರಸೀಪುರ!

ಚೌಕುಳಿ ಕಾಗದದಲ್ಲಿ ಕೆಲವು ಮನೆಗಳಿಗೆ ಮಸಿ ಬಳಿದು ಗೋಡೆಯೆಂದೆಣಿಸಿ, ಈ ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಮುಂದಿನ ಬಾರಿ ಪಿಶಾಚಿಯು ಬೆನ್ನಟ್ಟಿದಾಗ, ಅದು ಮಾಡುತ್ತಿರುವುದು ಬರಿಯ ಕೂಡುವ ಲೆಕ್ಕವೆಂಬುದು ನಿಮಗೆ ತಿಳಿದಿರುತ್ತದೆ.